ಅರ್ಧ ಉಳಿದ ಹೆಸರು

ಯೋಶಿ ಹೊಳೆ ದಂಡೆಯ ಮನೆಯಿಂದ
ಶೋವಾ ೨೧ನೆಯ ವರ್ಷ (೧೯೪೬), ಮೇ ೨೮

ಅಪ್ಪನಿಗೆ ಮಗಳು ಸವಾ ಮಾಡುವ ನಮಸ್ಕಾರಗಳು.

ಅಂಚೆಗೆ ಹಾಕಿದ ಪತ್ರಗಳನ್ನು ಒಡೆದು ಓದಿ ಮತ್ತೆ ಅಂಟಿಸಿ ಕಳಿಸುತ್ತಾರಂತೆ. ಅದಕ್ಕೇ ಇದನ್ನು ಮೀನು ಮಾರುವ ಒತ್ಸುನೆಯಕ್ಕನ ಕೈಯಲ್ಲಿ ಕೊಟ್ಟಿದ್ದೇನೆ. ವಾರಕ್ಕೆ ಎರಡು ಮೂರು ಸಲ ಒಕಾಯಾಮಾ ಪೇಟೆಗೆ ಬರುತ್ತಾಳೆ. ಕಾಗದ ಬುಟ್ಟಿಯ ತಳದಲ್ಲಿ ಬರುವುದರಿಂದ ಮೀನಿನ ನಾತ ಹೊಡೆದರೆ ಮೂಗು ಮುರಿಯಬೇಡಿ.

ಕಳೆದ ಶನಿವಾರ ಯುದ್ಧ ಸೋತವರ ಮನೆಯಲ್ಲಿ ಕತ್ತಿ ಇರಕೂಡದೆಂದು ಹುಡುಕುತ್ತಾ ಪಕ್ಕದ ಹಳ್ಳಿಗೆ ಅಮೆರಿಕದವರ ಜೀಪು ಬಂದಿತ್ತು. ಮಿತಾನಿ ಮುದುಕರ ಮನೆಯ ಹುಲ್ಲಿನ ಸೂರಿಗೆ ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ನೋಡಿದರು. ಎರಡು ಕತ್ತಿ ಸಿಕ್ಕಿದವು. ಮುದುಕರನ್ನು ಹಾಗೆಯೇ ಜೀಪಿಗೆ ಹತ್ತಿಸಿಕೊಂಡು ಹೋದರು, ಇನ್ನೂ ಬಿಟ್ಟಿಲ್ಲ. ಹತ್ತುವಾಗ ಅವರ ಕಾಲಿನ ಒಂದು ಮರದ ಚಪ್ಪಲಿ ದಾರಿಯಲ್ಲೇ ಬಿತ್ತು. ನಾಲ್ಕು ದಿನವಾಯಿತು, ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಇಲ್ಲ.

ನಿನ್ನೆ ನಮ್ಮೂರ ಪೊಲೀಸು ಅಕಾಗಿ ಬಂದಿದ್ದ. "ಅಕ್ಕಾ, ಮನೇಲಿ ಉದ್ದದ್ದು ಏನಾದ್ರೂ ಇದ್ರೆ ಜೂನ್ ಮುಗಿಯೋದ್ರೊಳಗೆ ಕೊಟ್ಬಿಡಿ. ನಾನು ಕೇಳಿದಾಗ ಕೊಟ್ರೆ ಒಂದು ರಸೀದಿ. ಅವರೇ ಬಂದು ಹುಡುಕಿ ತೆಗೆದ್ರೆ ನನ್ನ ಕೈಲಿ ಏನೂ ಇಲ್ಲ," ಅಂದ. ಅತ್ತೆ ನಮ್ಮ ಮನೆತನದ ಕತ್ತಿ ಅಡಗಿಸಿಟ್ಟ ಹಲಗೆಯ ಮೇಲೆಯೇ ಕೂತು ಅವನಿಗೆ ಚಹಾ ಬಗ್ಗಿಸಿದರು. "ಉದ್ದದ್ದು ಅಂದ್ರೆ ಈ ಮನೇಲಿ ನನ್ನ ಸೊಸೆ ನಾಲಿಗೆ ಒಂದೇ ಕಣಪ್ಪ. ಬೇಕಿದ್ರೆ ತಗೊಂಡ್ಹೋಗು," ಅಂದರು. ಅವನು ನಕ್ಕ.

ನಿಮಗೆ ಗೊತ್ತಲ್ಲ, ಶುಹೇ ಬರ್ಮಾದ ಯುದ್ಧಕ್ಕೆ ಹೋದ ದಿನದಿಂದ ಅತ್ತೆ ಪ್ರತಿ ಬೆಳಿಗ್ಗೆ ಮಗನ ಹೆಸರಿನಲ್ಲಿ ಒಂದು ಊಟದ ಮಣೆ ಇಡುತ್ತಾರೆ. ದೂರ ಹೋದವರಿಗೆ ಹಸಿವಾಗದಿರಲಿ ಎಂದು ಎಲ್ಲ ತಾಯಂದಿರೂ ಇಡುವುದೇ. ಆದರೆ ಇವರು ಇಡುವುದು ಆ ಕತ್ತಿಯ ಮುಂದೆ. ನಾವು ಗೆಣಸು ತಿಂದ ದಿನವೂ ಆ ಬಟ್ಟಲಿಗೆ ಜವೆಗೋಧಿಯ ಅನ್ನ ಬಿದ್ದಿದೆ. ಶುಹೇ ಪತ್ರ ಬರೆದು ಹದಿನಾರು ತಿಂಗಳಾಯಿತು. "ಇದು ಮನೇಲಿರೋವರ್ಗೂ ಅವನು ಇದ್ದಾನೆ," ಅನ್ನುತ್ತಾರೆ. ಕತ್ತಿ ಹೋದರೆ ಅತ್ತೆ ಉಳಿಯುವುದಿಲ್ಲ ಅಪ್ಪಾ. ಉಳಿಸಿಕೊಂಡು ಸಿಕ್ಕಿಬಿದ್ದರೆ ಇಬ್ಬರೂ ಉಳಿಯುವುದಿಲ್ಲ.

ಈಗ ಅದು ಉಪ್ಪಿನಕಾಯಿ ಪೀಪಾಯಿಯ ಕೆಳಗೆ, ನೆಲದ ಹಲಗೆಯಡಿ ಇದೆ. ಕತ್ತಿಗಳನ್ನು ಪರೀಕ್ಷೆ ಮಾಡುವ ಮೂವರಲ್ಲಿ ನೀವೂ ಒಬ್ಬರೆಂದು ಕೇಳಿದೆ. ಏನು ಮಾಡಲಿ, ಹೇಳಿ.

ನಿಮ್ಮ
ಸವಾ

*

ಒಕಾಯಾಮಾ, ದೇವಾಲಯದ ಹಿಂದಿನ ಕೋಣೆ
ಜೂನ್ ೩

ಸವಾ,

ಉಪ್ಪಿನಕಾಯಿ ಪೀಪಾಯಿಯ ಕೆಳಗೆ! ನಲವತ್ತು ವರ್ಷ ಕತ್ತಿ ನೋಡಿ ಬದುಕಿದವನ ಮಗಳು ನೀನು. ಉಪ್ಪಿನ ತೇವ ತಾಗಿದರೆ ಆರುನೂರು ವರ್ಷದ ಅಲಗು ಆರು ವಾರದಲ್ಲಿ ಹಾಳಾಗುತ್ತದೆ. ಇದನ್ನು ಓದಿ ಮುಗಿಸುವ ಮೊದಲು ಎದ್ದು ಅದನ್ನು ತೆಗೆದು ಒಣಬಟ್ಟೆಯಲ್ಲಿ ಸುತ್ತಿ ಬಟ್ಟೆಯ ಪೆಟ್ಟಿಗೆಯಲ್ಲಿಡು. ಹಿಡಿಯೊಳಗೆ ಅಡಗುವ ಬುಡಕ್ಕೆ ಮಾತ್ರ ಕೈ ಹಚ್ಚಬೇಡ, ಒರೆಸಬೇಡ. ಅಲ್ಲಿರುವ ಕಪ್ಪು ತುಕ್ಕೇ ಅದರ ವಯಸ್ಸು. ಮೊನ್ನೆ ಒಬ್ಬ ಪುಣ್ಯಾತ್ಮ ಬೂದಿ ಹಾಕಿ ಬುಡವನ್ನು ಬೆಳಗಿ ತಂದಿದ್ದ, ಚೆನ್ನಾಗಿ ಕಾಣಲಿ ಎಂದು. ನೋಡಿ ನನಗೆ ಅಳು ಬಂತು.

ನಾವು ಮೂವರು. ಹಟಾನೊ, ಎಪ್ಪತ್ತೆಂಟರ ಮುದುಕರು, ಉಜಿಹಾರಾ, ಮುಂಗೋಪಿ, ಮತ್ತು ನಾನು. ದೇವಾಲಯದ ಸಭಾಂಗಣದಲ್ಲಿ ಉದ್ದನೆಯ ಮೇಜು ಹಾಕಿದ್ದಾರೆ. ಬಾಗಿಲಲ್ಲಿ ಅಮೆರಿಕದ ಅಧಿಕಾರಿ ಗಡಿಯಾರ ಹಿಡಿದು ನಿಂತಿರುತ್ತಾನೆ. ದಿನಕ್ಕೆ ಐನೂರು ಕತ್ತಿ. ಕಲಾಕೃತಿ ಎಂದರೆ ಎಡಕ್ಕೆ, ಅಲ್ಲ ಎಂದರೆ ಬಲಕ್ಕೆ. ಎಡಗಡೆಯದಕ್ಕೆ ಒಂದು ಪತ್ರ ಕೊಟ್ಟು ಮನೆಗೆ ಕಳಿಸುತ್ತಾರೆ. ಬಲಗಡೆಯದು ಸಂಜೆಯ ಲಾರಿಗೆ. ಸಮುದ್ರಕ್ಕೆ ಸುರಿಯುತ್ತಾರೆ ಎಂದು ಒಬ್ಬರು, ಕುಲುಮೆಗೆ ಎಂದು ಇನ್ನೊಬ್ಬರು. ನಾನು ಕೇಳಲು ಹೋಗಿಲ್ಲ. ಬಲಗಡೆಯ ರಾಶಿ ಯಾವಾಗಲೂ ದೊಡ್ಡದು.

ಅಡಗಿಸಿಡಬೇಡಿ. ತಂದೊಪ್ಪಿಸುವುದೇ ದಾರಿ. ಬೀಗಿತ್ತಿಗೆ ನನ್ನ ಮಾತೆಂದು ಹೇಳು. ಹಳೆಯ ಒಳ್ಳೆಯ ಅಲಗಿಗೆ ಈ ಮೇಜಿನ ಮೇಲೆ ಬದುಕುವ ದಾರಿಯಿದೆ.

ಇನ್ನೊಂದು ವಿಷಯವಿದೆ. ಅದನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಇವಾಸೆ ತೊಕುಜಿ

*

ಜೂನ್ ೯

ಅಪ್ಪಾ,

ಮಗಳಿಗೆ ಬರೆಯುವಾಗಲೂ ಮನೆತನದ ಹೆಸರು ಸೇರಿಸಿ ಸಹಿ ಹಾಕುವವರು ಜಗತ್ತಿನಲ್ಲಿ ನೀವೊಬ್ಬರೇ ಇರಬೇಕು.

ಕತ್ತಿಯನ್ನು ಪೆಟ್ಟಿಗೆಗೆ ಹಾಕಿದೆ. ತುಕ್ಕು ಹಿಡಿದಿಲ್ಲ. ಅತ್ತೆಗೆ ನಿಮ್ಮ ಮಾತು ಹೇಳಿದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಮಿಸೊ ಸಾರು ಕದಡುತ್ತಾ ತಾವಾಗಿಯೇ ಕೇಳಿದರು: "ನಿಮ್ಮಪ್ಪ ಅಲ್ಲೇ ಕೂತಿರ್ತಾರಲ್ವೇನೆ?"

"ಹೌದತ್ತೆ, ಮೇಜಿನ ಹತ್ರಾನೇ."

"ಮದುವೆ ಮಾತಿಗೆ ಬಂದಾಗ ಅವರೇ ನೋಡಿದಾರೆ. ಬುಡದಲ್ಲಿ ಹಿಸಮೊರಿ ಅಂತ ಆ ದೊಡ್ಡ ಕಮ್ಮಾರನ ಹೆಸರು ಕೆತ್ತಿರೋದನ್ನ ಕಣ್ಣಾರೆ ನೋಡಿದಾರೆ. ಹಿಸಮೊರಿ ಕತ್ತೀನ ಬಲಗಡೆ ಹಾಕೋ ಗಂಡಸು ಹುಟ್ಟಿಲ್ಲ ಬಿಡು."

ಕೊಡಲು ಒಪ್ಪಿದ್ದಾರೆ. ಆಗಸ್ಟಿನಲ್ಲಿ ಹಿರಿಯರ ಹಬ್ಬ ಬರುವುದರೊಳಗೆ ಅದು ಮನೆಗೆ ಬರಬೇಕಂತೆ, ಹಬ್ಬದ ದಿನ ಸತ್ತವರೆಲ್ಲ ಮನೆಗೆ ಬಂದಾಗ ಶುಹೇ ಅವರ ಸಾಲಿನಲ್ಲಿ ಇಲ್ಲ ಎಂದು ತೋರಿಸಲಿಕ್ಕೆ. ಅದನ್ನು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ ನನಗೆ.

ನೀವಿದ್ದೀರಿ ಎಂಬ ಧೈರ್ಯದಲ್ಲಿ ಮೊನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ನಿಮ್ಮ ಪತ್ರದ ಕೊನೆಯ ಸಾಲು ನೆನಪಾಯಿತು. ಇನ್ನೊಂದು ವಿಷಯ ಏನು? ಹಾಗೆಲ್ಲ ಬರೆದು ನಿಲ್ಲಿಸಬೇಡಿ ಅಪ್ಪಾ. ಹೆದರಿಕೆಯಾಗುತ್ತದೆ.

ಸವಾ

*

ಜೂನ್ ೧೬

ಸವಾ,

ಓದಿದ ಮೇಲೆ ಇದನ್ನು ಒಲೆಗೆ ಹಾಕು.

ಆ ಹೆಸರು ಸುಳ್ಳು.

ಕತ್ತಿ ಹಳೆಯದೇ. ಯಾರೋ ಮರ್ಯಾದಸ್ಥ ಕಮ್ಮಾರ ಮಾಡಿ ಹೆಸರು ಹಾಕದೆ ಬಿಟ್ಟ ಅಲಗು. ಆಮೇಲೆ ಯಾರೋ ಅದಕ್ಕೆ ದೊಡ್ಡವನ ಹೆಸರು ಕೆತ್ತಿದ್ದಾರೆ. ಇದು ನಮ್ಮಲ್ಲಿ ಹೊಸದಲ್ಲ. ಹಳ್ಳಿಯ ಹಳೆಯ ಮನೆಗಳಲ್ಲಿ ನಾನು ನೋಡಿದ ಹಿಸಮೊರಿಗಳನ್ನೆಲ್ಲ ಅವನೇ ಮಾಡಿದ್ದರೆ ಅವನು ಮುನ್ನೂರು ವರ್ಷ ಬದುಕಬೇಕಿತ್ತು.

ಆರು ವರ್ಷದ ಹಿಂದೆ ನಿನ್ನ ಮದುವೆ ಮಾತಿಗೆ ಬಂದಾಗ ನಿನ್ನ ಮಾವ ಅದನ್ನು ನನ್ನ ಮುಂದಿಟ್ಟರು. ಹಿಡಿ ಕಳಚಿ ಮೊದಲು ಹೆಸರನ್ನೇ ತೋರಿಸಿದರು. 'ಮೊರಿ' ಅಕ್ಷರದಲ್ಲಿ ಒಂದು ಗೆರೆಯನ್ನು ಉಳಿ ಹಿಂದುಮುಂದಾಗಿ ಹೊಡೆದಿದೆ. ಹಿಸಮೊರಿ ಎಂದೂ ಹಾಗೆ ಹೊಡೆಯುವವನಲ್ಲ. ಅಲಗಿಗೆ ಉಗುಳು ಸಿಡಿಯಬಾರದೆಂದು ಬಾಯಲ್ಲಿ ಕಾಗದ ಕಚ್ಚಿಕೊಂಡಿದ್ದೆ, ಮಾತಾಡುವ ಹಾಗಿರಲಿಲ್ಲ. ಕಾಗದ ತೆಗೆದ ಮೇಲೂ ಮಾತಾಡಲಿಲ್ಲ. ನಿನ್ನ ಮಾವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ತಲೆ ತಗ್ಗಿಸಿ "ಅಪರೂಪದ್ದು" ಅಂದೆ. ಅಪರೂಪದ್ದು ಅಂದೆನೇ ಹೊರತು ನಿಜವಾದದ್ದು ಅನ್ನಲಿಲ್ಲ. ನನ್ನ ಈ ಜಾಣತನ ಈಗ ನಿನ್ನ ಕುತ್ತಿಗೆಗೆ ಬಂದಿದೆ.

ಈ ಮೇಜಿನಲ್ಲಿ ಯಾರಿಗೂ ಸಮಯವಿಲ್ಲ. ಹೆಸರು ಸುಳ್ಳೆಂದು ಕಂಡ ಕೂಡಲೇ ಕತ್ತಿ ಬಲಕ್ಕೆ ಹೋಗುತ್ತದೆ, ಎರಡನೆಯ ಸಲ ನೋಡುವುದಿಲ್ಲ. ಹೆಸರೇ ಇಲ್ಲದ ಹಳೆಯ ಅಲಗಾದರೆ ನಾಲ್ಕು ಕ್ಷಣ ತಿರುಗಿಸಿ ನೋಡುತ್ತಾರೆ, ಎಡಕ್ಕೆ ಹೋಗುತ್ತದೆ. ಹಾಗೆ ಹೋದದ್ದನ್ನು ದಿನವೂ ನೋಡುತ್ತಿದ್ದೇನೆ.

ಒತ್ಸುನೆ ಕೊಡುವ ಬುಟ್ಟಿಯಲ್ಲಿ ಬಂಗಡೆ ಮೀನುಗಳ ಕೆಳಗೆ ಕಬ್ಬಿಣ ಉಜ್ಜುವ ಒಂದು ಅರವಿದೆ. ಹಿಡಿಯ ಬಿದಿರು ಮೊಳೆ ತೆಗೆದರೆ ಬುಡ ಹೊರಗೆ ಬರುತ್ತದೆ. ಹೆಸರಿನ ಎರಡಕ್ಷರ ಮಾತ್ರ ಉಜ್ಜಬೇಕು, ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ. ಆಮೇಲೆ ಉಪ್ಪುನೀರು ಹಚ್ಚಿ ಒದ್ದೆ ಬಟ್ಟೆ ಸುತ್ತಿಡು, ಎರಡು ದಿನದಲ್ಲಿ ಕಂದು ಬಣ್ಣ ಬರುತ್ತದೆ. ಪೂರ್ತಿ ಮುಚ್ಚುವುದಿಲ್ಲ, ಅವಸರದ ಕಣ್ಣಿಗೆ ಸಾಕು. ನಾನೇ ಬರುತ್ತಿದ್ದೆ. ಆದರೆ ಪರೀಕ್ಷೆ ಮುಗಿಯುವವರೆಗೆ ನಾವು ಮೂವರೂ ಊರು ಬಿಡುವಂತಿಲ್ಲ.

ಬೀಗಿತ್ತಿಗೆ ತಿಳಿಯಬಾರದು.

ಅಪ್ಪ

*

ಜೂನ್ ೨೦

ಅಪ್ಪಾ,

ಮೀನು ಸಿಕ್ಕಿತು.

ಅತ್ತೆ ಬೆಳಿಗ್ಗೆ ಕತ್ತಿಯ ಮುಂದೆ ಮಣೆ ಇಟ್ಟು "ಇವತ್ತು ಬಂಗಡೆ ಕಣೋ ಶುಹೇ, ನಿಮ್ಮ ಮಾವ ಕಳಿಸಿದಾರೆ," ಅಂದರು. ಅರ ನನ್ನ ಸೊಂಟದ ಪಟ್ಟಿಯೊಳಗಿತ್ತು, ತಣ್ಣಗೆ.

ಒಂದೇ ಒಂದು ಪ್ರಶ್ನೆ. ನಿಮಗೆ ಖಂಡಿತವೇ? ಉಜ್ಜಿದ ಮೇಲೆ ಭೂಮಿ ತಲೆಕೆಳಗಾದರೂ ಅದು ಮತ್ತೆ ಬರುವುದಿಲ್ಲ. ನೀವು ಒಂದೇ ಒಂದು ಸಲ ನೋಡಿದ್ದೀರಿ, ಅದೂ ಆರು ವರ್ಷದ ಹಿಂದೆ. ಖಂಡಿತವೆಂದು ನಿಮ್ಮ ಕೈಯಲ್ಲಿ ಬರೆದು ಕಳಿಸಿ. ಆಗ ಮಾಡುತ್ತೇನೆ.

ಸವಾ

*

ಜೂನ್ ೨೩

ಖಂಡಿತ. ಆ ಗೆರೆ ನನ್ನ ಕಣ್ಣಲ್ಲಿ ಇನ್ನೂ ಇದೆ. ಸುಳ್ಳು ಹೆಸರು ಗುರುತಿಸುವುದೊಂದೇ ನಾನು ಬದುಕಿನಲ್ಲಿ ಚೆನ್ನಾಗಿ ಕಲಿತ ವಿದ್ಯೆ. ತಡಮಾಡಬೇಡ. ನಿಮ್ಮ ಕಡೆಯ ಜೀಪು ಈ ವಾರವೇ ಹೊರಡುತ್ತದೆಂದು ಅಧಿಕಾರಿ ಹೇಳುವುದು ಕಿವಿಗೆ ಬಿತ್ತು.

ಅಪ್ಪ

*

ಜೂನ್ ೨೯

ಅಪ್ಪಾ,

ಅತ್ತೆ ಮಲಗಿದ ಮೇಲೆ ಕತ್ತಲಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಬುಧವಾರ ಬೆಳಿಗ್ಗೆ ಅತ್ತೆ ಪಡಿತರದ ಸಾಲಿಗೆ ಹೋದರು. ಅಕ್ಕಿಯಿಲ್ಲ, ಜೋಳದ ಹಿಟ್ಟು ಕೊಡುತ್ತಾರೆಂದು ಸಾಲು ಉದ್ದವಾಗಿತ್ತು. ಕನಿಷ್ಠ ಎರಡು ಗಂಟೆ ಎಂದುಕೊಂಡೆ. ಬಾಗಿಲು ಹಾಕಿ, ಕತ್ತಿ ತೆಗೆದು, ನೀವು ಹೇಳಿದ ಹಾಗೆ ಮೊಳೆ ಕಳಚಿದೆ. ಬುಡವನ್ನು ನಾನು ಮೊದಲ ಸಲ ನೋಡಿದ್ದು. ಎರಡೇ ಅಕ್ಷರ, ಮೇಲೆ 'ಹಿಸ', ಕೆಳಗೆ 'ಮೊರಿ'. ಎಷ್ಟು ಪುಟ್ಟದಾಗಿದ್ದವು. ಯಾರ ತಂಟೆಗೂ ಹೋಗದೆ ಕೂತ ಎರಡು ಮಕ್ಕಳ ಹಾಗೆ.

ಮೊದಲ ಸಲ ಅರ ಎಳೆದಾಗ ಬಂದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಕಪ್ಪು ತುಕ್ಕು ಹೋಗಿ ಬಿಳಿ ಕಬ್ಬಿಣ ಕಂಡಿತು. ಮೇಲಿನ ಅಕ್ಷರ ಪೂರ್ತಿ ಹೋಗುವ ಹೊತ್ತಿಗೆ ಅಂಗಳದಲ್ಲಿ ಮರದ ಚಪ್ಪಲಿಯ ಸದ್ದಾಯಿತು. ಹಿಟ್ಟು ಮುಗಿದಿದೆ ಎಂದು ಸಾಲನ್ನೇ ಕಳಿಸಿಬಿಟ್ಟಿದ್ದರಂತೆ. ಹೇಗೆ ಬುಡವನ್ನು ಹಿಡಿಯೊಳಗೆ ತುರುಕಿ ಮೊಳೆ ಹೊಡೆದೆನೋ ನನಗೇ ಗೊತ್ತಿಲ್ಲ. ಅತ್ತೆ ಒಳಗೆ ಬಂದು ಮೂಗೇರಿಸಿ, "ಏನೋ ಕಬ್ಬಿಣದ ವಾಸನೆ," ಅಂದರು. ಕುಡುಗೋಲು ಮಸೆಯುತ್ತಿದ್ದೆ ಅಂದೆ.

ಮತ್ತೆ ಸಮಯವೇ ಸಿಗಲಿಲ್ಲ. ಗುರುವಾರ ಅಕಾಗಿ ಓಡುತ್ತಾ ಬಂದು, "ಜೀಪು ಹೊಳೆ ದಾಟಿದೆ, ಈಗ್ಲೇ ಕೊಟ್ಬಿಡಿ ಅಕ್ಕಾ, ಒರೆ ಹಿಡಿ ಏನೂ ಬೇಡ, ಬರೀ ಅಲಗು ಸಾಕು," ಅಂದ. ನಾನು ಕೈ ಹಾಕಿದೆ. ಅತ್ತೆ ನನ್ನ ಕೈ ತಳ್ಳಿ, "ಇದು ನನ್ನ ಕೆಲ್ಸ," ಎಂದು ಕತ್ತಿ ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತೋ. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವರು ಹೊರಗೆ ಬಂದಾಗ ಅಲಗಿನ ಬುಡಕ್ಕೆ ಬಿಳಿ ಬಟ್ಟೆ ಸುತ್ತಿ ಸುತ್ತಲೂ ಹೊಲಿದಿದ್ದರು. ಶುಹೇಗೆ ಗುಂಡು ತಾಗದಿರಲೆಂದು ಸಾವಿರ ಹೆಂಗಸರ ಕೈಯಲ್ಲಿ ಒಂದೊಂದು ಕೆಂಪು ಗಂಟು ಹಾಕಿಸುತ್ತಿದ್ದ ಎರಡನೆಯ ಸೊಂಟದ ಪಟ್ಟಿ ಅದು. ನಾನೂರು ಗಂಟಿಗೇ ಯುದ್ಧ ಮುಗಿದುಹೋಗಿತ್ತು.

ಅತ್ತೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ನೋಡದೆ ಹೊಲಿಯುವುದು ಹೇಗೆ? ಅಕಾಗಿಗೆ ಕೊಟ್ಟರು, ರಸೀದಿ ಇಸಿದುಕೊಂಡರು, ಒಳಗೆ ಬಂದು ಅಡುಗೆಗೆ ಕೂತರು. ಅಂದಿನಿಂದ ನಾನು ಅವರ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದೇನೆ. ಬೈದಿದ್ದರೆ ಬದುಕುತ್ತಿದ್ದೆ.

ಕತ್ತಿ ಈಗ ಅರ್ಧ ಹೆಸರಿನೊಂದಿಗೆ ನಿಮ್ಮ ಕಡೆ ಬರುತ್ತಿದೆ. ಸುಳ್ಳು ಹೆಸರಿಗಿಂತ ಅದು ಇನ್ನೂ ಕೆಟ್ಟದ್ದಲ್ಲವೇ? ನಾನೇ ಅದನ್ನು ಲಾರಿಗೆ ಹಾಕಿದ ಹಾಗಾಯಿತಲ್ಲವೇ?

ಸವಾ

*

ಜುಲೈ ೨೧

ಅಪ್ಪಾ,

ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಒತ್ಸುನೆಯಕ್ಕ ದೇವಾಲಯಕ್ಕೆ ಹೋದಾಗಲೆಲ್ಲ "ಕೆಲಸದಲ್ಲಿದ್ದಾರೆ" ಎಂದು ಹಿಂದಕ್ಕೆ ಕಳಿಸುತ್ತಾರಂತೆ. ನಿಮಗೆ ಆರೋಗ್ಯ ಸರಿಯಿಲ್ಲವೇ? ನಿಮ್ಮ ಕೈಬರಹ ಯಾರಿಗಾದರೂ ಸಿಕ್ಕಿತೇ? ಆಣೆಯಾಗಿ ಹೇಳುತ್ತೇನೆ, ನಾನು ಎಲ್ಲ ಸುಟ್ಟಿದ್ದೇನೆ.

ಕೆಳಗಿನ ಬೀದಿಯ ಒಗಿನೊ ಮಗ ಬರ್ಮಾದಿಂದ ಬಂದ. ಎಡಗೈ ಇಲ್ಲ, ಮುಖವೆಲ್ಲ ಹಳದಿ. ಬಾಗಿಲಲ್ಲಿ ನಿಂತ ಮಗನನ್ನು ಹೆತ್ತ ತಾಯಿಯೇ "ಯಾರಪ್ಪಾ, ಏನ್ ಬೇಕಿತ್ತು?" ಎಂದು ಕೇಳಿದಳಂತೆ. ಅತ್ತೆ ಅವನನ್ನು ನೋಡಲು ಹೋಗಿದ್ದರು. ಶುಹೇ ಅವರ ತುಕಡಿ ಒಂದು ನದಿಯ ಹತ್ತಿರ ಬೇರೆಯಾಯಿತಂತೆ, ಆಮೇಲೆ ಅವನಿಗೂ ತಿಳಿಯದು.

ಅತ್ತೆ ಈಗ ಖಾಲಿ ಒರೆಯ ಮುಂದೆ ಮಣೆ ಇಡುತ್ತಾರೆ. ಮೊನ್ನೆ ಅದನ್ನು ಎತ್ತಿಡುವಾಗ ಅವರ ಕೈಯಿಂದ ಬಟ್ಟಲು ಜಾರಿ ಒಡೆಯಿತು. ಇಬ್ಬರೂ ಕೂತು ಚೂರುಗಳನ್ನು ಆರಿಸಿದೆವು. ಅಪ್ಪಾ, ಏನಾದರೂ ಬರೆಯಿರಿ. ಕೆಟ್ಟ ಸುದ್ದಿಯಾದರೂ ಸರಿ.

ಸವಾ

*

ಆಗಸ್ಟ್ ೪

ಮಗಳೇ,

ಆರೋಗ್ಯವಾಗಿದ್ದೇನೆ. ಬರೆಯಲಿಲ್ಲ, ಏಕೆಂದರೆ ಬರೆಯಲು ಹೆದರಿದೆ. ಇವತ್ತು ಬರೆಯುತ್ತೇನೆ.

ಜುಲೈ ಹತ್ತೊಂಬತ್ತಕ್ಕೆ ನಿಮ್ಮ ಕತ್ತಿ ಮೇಜಿಗೆ ಬಂತು. ಆ ಕೆಂಪು ಗಂಟುಗಳನ್ನು ದೂರದಿಂದಲೇ ಗುರುತಿಸಿದೆ. ಸ್ವಂತದವರ ಕತ್ತಿ ಬಂದರೆ ಪರೀಕ್ಷಕ ಎದ್ದುಹೋಗಬೇಕೆಂಬುದು ನಮ್ಮ ನಿಯಮ. ನಾನು ಏಳಲಿಲ್ಲ. ಎದ್ದರೆ ಏಕೆಂದು ಕೇಳುತ್ತಿದ್ದರು.

ಉಜಿಹಾರಾ ಬಟ್ಟೆ ಕತ್ತರಿಸಲು ಚಾಕು ತೆಗೆದ. ಹಟಾನೊ ಮುದುಕರು ಅವನ ಕೈ ಹಿಡಿದರು. "ತಡಿಯಯ್ಯಾ. ಇದ್ಯಾವುದೋ ಮುಸುಕು ಹಾಕ್ಕೊಂಡು ಬಂದಿದೆ. ಮುಸುಕಿನ ಆಟ ಆಡಿ ಎಷ್ಟು ವರ್ಷ ಆಯ್ತು? ಆ ಗಡಿಯಾರದವನು ಹೊರಗೆ ಪೀಚ್ ಹಣ್ಣು ತಿಂತಿದಾನೆ. ಚೀಟಿ ತಗೊಳ್ಳಿ."

ಚಿಕ್ಕವಳಿದ್ದಾಗ ನಮ್ಮ ಮನೆಯ ಕೂಟಗಳಲ್ಲಿ ನೀನು ಚಹಾ ತರುತ್ತಿದ್ದೆ, ನಿನಗೆ ನೆನಪಿರಬೇಕು. ಬುಡದ ಹೆಸರು ಕಾಣದ ಹಾಗೆ ಬಟ್ಟೆ ಸುತ್ತಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುತ್ತಿದ್ದೆವು. ಬರೀ ಅಲಗು ನೋಡಿ ಮಾಡಿದವನ ಹೆಸರನ್ನು ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯುವುದು. ಎರಡು ತಿಂಗಳು ಕತ್ತಿಗಳನ್ನು ಸಾವಿಗೆ ಕಳಿಸಿದ ಮೇಲೆ ಆ ಮುದುಕರಿಗೆ ಒಂದು ಸಲ, ಒಂದೇ ಸಲ, ಹಳೆಯ ಸುಖ ಬೇಕಾಗಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಹಟಾನೊ ನೋಡಿ ಬರೆದರು. ಉಜಿಹಾರಾ ನೋಡಿ ಬರೆದ. ಅಲಗು ನನ್ನ ಕೈಗೆ ಬಂತು.

ಸವಾ, ಆರು ವರ್ಷದ ಹಿಂದೆ ನಾನು ಮೊದಲು ನೋಡಿದ್ದು ಹೆಸರನ್ನು. ಸುಳ್ಳು ಎಂದುಕೊಂಡೆ. ಆಮೇಲೆ ಅಲಗಿನ ಮೇಲೆ ಕಣ್ಣಾಡಿಸಿದ್ದು ಆ ಸುಳ್ಳಿಗೆ ಸಾಕ್ಷಿ ಹುಡುಕಲು ಮಾತ್ರ. ಈ ಸಲ ಹೆಸರು ಬಟ್ಟೆಯೊಳಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಬೆನ್ನು ಬಾಗಿದ ರೀತಿ, ಅಂಚಿನ ಬಿಳಿ ಗೆರೆ ತುದಿಯ ಹತ್ತಿರ ಸ್ವಲ್ಪ ತಡೆದು ತಿರುಗುವ ರೀತಿ. ಯಾವನೋ ಹೆಸರಿಲ್ಲದವನು ಎಂದು ಬರೆಯಬೇಕೆಂದೇ ಕುಂಚ ಹಿಡಿದಿದ್ದೆ. ನನ್ನ ಕೈ ಬರೆದದ್ದು ಬೇರೆ. ಬರೆದ ಮೇಲೆ ಅದನ್ನು ಎರಡು ಸಲ ಓದಿಕೊಂಡೆ.

ಮೂರು ಚೀಟಿ ತಿರುವಿಹಾಕಿದರು. ಮೂರರಲ್ಲೂ ಹಿಸಮೊರಿ.

ಹಟಾನೊ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಉಜಿಹಾರಾ ಹೊಲಿಗೆ ಬಿಚ್ಚಿದ. ಮೇಲೆ ಅರ ಎಳೆದ ಬಿಳಿ ಗಾಯ, ಕೆಳಗೆ ಒಂಟಿ 'ಮೊರಿ'. ಆ ತಿರುಗಿ ಹೊಡೆದ ಗೆರೆಯನ್ನು ಹಟಾನೊ ಬೆರಳಿನಿಂದ ಸವರಿ, "ಕೊನೇ ವರ್ಷಗಳಲ್ಲಿ ಅವನ ಕೈ ಹೀಗಾಗಿತ್ತು. ಇಂಥದ್ದು ಇನ್ನೊಂದನ್ನ ಒಂದು ಗುಡೀಲಿ ನೋಡಿದ್ದೆ. ಬಾಂಬಿಗೆ ಸುಟ್ಟುಹೋಯ್ತು. ಉಳಿದಿದ್ದು ಇದೊಂದೇ," ಅಂದರು.

"ಯಾವ ಪಾಪಿ ಮಾಡಿದ್ದು ಇದನ್ನ?" ಎಂದು ಉಜಿಹಾರಾ ಕೂಗಿದ. "ಹೊಸ ಅರದ ಗುರುತು! ಯಾರೋ ತಿಳಿದವನು ಹೇಳಿಕೊಟ್ಟು ಮಾಡಿಸಿದ್ದು!"

ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಹಟಾನೊ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಾನು," ಅಂದೆ.

ಕತ್ತಿ ಎಡಕ್ಕೆ ಹೋಯಿತು. ನಾನು ಮೇಜಿನಿಂದ ಹೊರಗೆ ಹೋದೆ. ಇನ್ನು ಕತ್ತಿ ಮುಟ್ಟಬೇಡವೆಂದು ಹಟಾನೊ ಹೇಳಿದರು, ಸಿಟ್ಟಿನಿಂದಲ್ಲ, ಅದೇ ಕಷ್ಟ. ಬಾಂಬಿಗೆ ಮನೆ ಸುಟ್ಟುಹೋದವನು ಎಲ್ಲಿಗೆ ಹೋಗಲಿ? ದೇವಾಲಯದ ಅಡುಗೆಮನೆಯಲ್ಲಿ ಗೆಣಸು ಸುಲಿಯುತ್ತಿದ್ದೇನೆ. ಎಲ್ಲಾ ಗೆಣಸೂ ನಿಜವಾದದ್ದೇ, ಚಿಂತೆಯಿಲ್ಲ.

ನೀನು ಖಂಡಿತವೇ ಎಂದು ಕೇಳಿದೆ. ನಾನು ಖಂಡಿತ ಎಂದು ಬರೆದೆ. ನಿನ್ನ ಕೈಯಿಂದ ಆದದ್ದಕ್ಕೆ ನೀನು ಕಾರಣಳಲ್ಲ. ಆ ದಿನ ಪಡಿತರದ ಹಿಟ್ಟು ಬೇಗ ಮುಗಿದದ್ದಕ್ಕೆ ನಾನು ದಿನವೂ ಕೈ ಮುಗಿಯುತ್ತಿದ್ದೇನೆ.

ಕತ್ತಿ ಹನ್ನೆರಡನೆಯ ತಾರೀಖಿನೊಳಗೆ ಅಕಾಗಿಯ ಠಾಣೆಗೆ ಬರುತ್ತದೆ. ಬೀಗಿತ್ತಿಯ ಮುಂದೆ ಬಂದು ನೆಲಕ್ಕೆ ಹಣೆ ಹಚ್ಚಬೇಕು. ಬರುವುದಕ್ಕೆ ಹೆದರಿಕೆ. ಅರವತ್ತೇಳು ವರ್ಷದವನು ಹೀಗೆ ಬರೆಯುತ್ತಾನೆಂದು ನಗಬೇಡ.

ಅಪ್ಪ

*

ಆಗಸ್ಟ್ ೧೩, ಹಿರಿಯರ ಹಬ್ಬದ ಮೊದಲ ದಿನ

ಅಪ್ಪಾ,

ನಿನ್ನೆ ಮಧ್ಯಾಹ್ನ ಅಕಾಗಿ ಕತ್ತಿಯನ್ನೂ ಪತ್ರವನ್ನೂ ತಂದುಕೊಟ್ಟ. 'ಹಿಸಮೊರಿ, ಹೆಸರಿನ ಮೇಲಿನ ಭಾಗ ನಷ್ಟವಾಗಿದೆ' ಎಂದು ಬರೆದಿದ್ದಾರೆ. ಅಕಾಗಿ ಅದನ್ನು ಗಟ್ಟಿಯಾಗಿ ಓದಿದ. ನಾನು ನೆಲ ನೋಡುತ್ತಾ ಕೂತಿದ್ದೆ.

ಅವನು ಹೋದ ಮೇಲೆ ನಿಮ್ಮ ಪತ್ರವನ್ನು ಅತ್ತೆಯ ಮುಂದಿಟ್ಟೆ. "ನಾನೇ ಮಾಡಿದ್ದು ಅತ್ತೆ. ನನ್ನನ್ನ ಕಳಿಸಿಬಿಡಿ," ಅಂದೆ. ಅವರು ಪತ್ರವನ್ನು ಮುಟ್ಟಲೇ ಇಲ್ಲ.

"ಕುಡುಗೋಲು ಮಸೆಯೋ ವಾಸನೆ ನಂಗೆ ಗೊತ್ತಿಲ್ವೇನೆ? ನಲವತ್ತು ವರ್ಷ ಬೇಸಾಯದ ಮನೇಲಿ ಇದ್ದೋಳು ನಾನು."

"ಮತ್ತೆ ಅವತ್ತೇ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ಮೇಲೆ ನಾನು ಬೈಬೇಕಿತ್ತು. ಆಮೇಲೆ ಈ ಮನೇಲಿ ಕಾಯೋರು ಇಬ್ಬರಿಂದ ಒಬ್ಬರಾಗ್ತಿದ್ರು." ಖಾಲಿ ಒರೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಗಾಯ ಆದೋರನ್ನ ಬರೀ ಮೈಲಿ ಹೊರಗೆ ಕಳಿಸ್ತಾರೇನೆ? ಅದಕ್ಕೇ ಸುತ್ತಿ ಹೊಲಿದೆ," ಅಂದರು.

ನನಗೆ ಅಳು ಬಂತು. ಅವರು ನನ್ನನ್ನು ಅಳಲು ಬಿಟ್ಟರು. ತಾವು ಅಳಲಿಲ್ಲ.

ಇವತ್ತು ಬೀದಿಯ ಎಲ್ಲ ಬಾಗಿಲಲ್ಲೂ ಸತ್ತವರಿಗೆ ದಾರಿ ತೋರಿಸುವ ಬೆಂಕಿ ಹಚ್ಚಿದ್ದಾರೆ. ಪಕ್ಕದ ಮನೆಯವರು ಅತ್ತೆಯನ್ನು ಕರೆದು, "ಇಕು ಅಕ್ಕಾ, ಶುಹೇಗೂ ಸೇರಿಸಿ ಹಚ್ತೀರಾ?" ಎಂದು ಕೇಳಿದರು. "ನಮ್ಮ ಯಜಮಾನ್ರಿಗೆ ಮಾತ್ರ," ಎಂದು ಅತ್ತೆ ಒಳಗೆ ಬಂದರು. ಓತಾಕೆ ಬಂದರಿಗೆ ಈ ತಿಂಗಳ ಕೊನೆಗೆ ಬರ್ಮಾದ ಹಡಗೊಂದು ಬರುತ್ತದಂತೆ. ಇಬ್ಬರೂ ಹೋಗುತ್ತೇವೆ. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಅಪ್ಪಾ. ಹಡಗಿನಿಂದ ಯಾರು ಇಳಿಯುತ್ತಾರೋ, ಇಳಿಯುವುದಿಲ್ಲವೋ. ನೀವೂ ಬನ್ನಿ. ಗೆಣಸು ಇಲ್ಲೂ ಸುಲಿಯಬಹುದು. ಇದು ಅತ್ತೆಯ ಮಾತು, ನನ್ನದಲ್ಲ.

ಸಂಜೆ ಅವರು ಇನ್ನೂ ಹಿಡಿ ಹಾಕದ ಅಲಗನ್ನು ಮಣೆಯ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದರು. ಹೋದ ಅಕ್ಷರದ ಜಾಗವನ್ನೂ ಉಳಿದ ಅಕ್ಷರವನ್ನೂ ಹೆಬ್ಬೆರಳಿನಿಂದ ಸವರುತ್ತಿದ್ದರು. ನಾನು ಹತ್ತಿರ ಕೂತೆ. ಬಟ್ಟಲಿಗೆ ತುಂಬಾ ಅನ್ನ ಬಡಿಸುತ್ತಾ ನನ್ನ ಕಡೆ ನೋಡದೆ ಹೇಳಿದರು:

"ಅರ್ಧ ಬಂತಲ್ಲ ಸವಾ. ಅವನೂ ಅರ್ಧ ಬಂದ್ರೆ ಸಾಕು. ಕೈ ಇಲ್ದೆ ಬರ್ಲಿ, ಕಾಲಿಲ್ದೆ ಬರ್ಲಿ, ತನ್ನ ಹೆಸರೇ ಮರ್ತು ಬರ್ಲಿ. ನಾನು ಗುರುತು ಹಿಡೀತೀನಿ."

ನಿಮ್ಮ ಮಗಳು
ಸವಾ